ಎಲ್ಲರೂ ಸೌದೆ ಹಾಕಿದ ದಿನ

೯ ಮಾರ್ಚ್, ಮಂಗಳವಾರ
ಬೇಕರಿಯ ಹಿಂದಿನ ಕೋಣೆಯಿಂದ

ನನ್ನ ಮುದ್ದು ಮಗಳೇ,

ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನೀನೂ ಅಳಿಯಂದಿರೂ ನನ್ನ ಪುಟ್ಟ ಮೊಮ್ಮಗಳೂ ಹಾಗೇ ಇದ್ದೀರೆಂದು ನಂಬಿ ಬರೆಯುತ್ತಿದ್ದೇನೆ. ಕಾಗದ ತಡವಾಯಿತು, ಬೈಯಬೇಡ. ಬರೆಯಲು ಕೂತಾಗಲೆಲ್ಲ ಯಾರಾದರೊಬ್ಬರು ಹಿಟ್ಟು ಮೆತ್ತಿದ ಕೈಯಲ್ಲಿ ಬಾಗಿಲು ತಟ್ಟುತ್ತಾರೆ. ನಿಮ್ಮಪ್ಪನಿಗೆ ನೀವಾದರೂ ಬರೆಯಿರಿ ಎಂದರೆ, "ಬಾಯಿ ಇರೋದು ನಿನಗೆ, ನೀನೇ ಬರಿ" ಎಂದು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಅವರ ಮಂಡಿನೋವು ಹಾಗೇ ಇದೆ, ಸೋಮಾರಿತನವೂ ಹಾಗೇ ಇದೆ.

ನೀನು ಫೋನ್ ಎತ್ತುವುದಿಲ್ಲ, ಹಾಗಾಗಿ ಕಾಗದವೇ ಗತಿ. ಕೊನೆಯ ಸಲ ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಅಮ್ಮ, ನೀನು ಆ ಜನರ ಜೊತೆ ಕೂತು ಮಾತಾಡೋದಾದ್ರೆ ನನ್ನ ಜೊತೆ ಮಾತಾಡ್ಬೇಡ. ಅವರಿರೋ ಬೀದಿಗೆ ನಾನು ಕಾಲಿಡಲ್ಲ." ನಿನ್ನ ಸಿಟ್ಟಿಗೆ ಕಾರಣವಿದೆ. ಅದು ನನಗೆ ಗೊತ್ತಿರುವಷ್ಟು ಇನ್ಯಾರಿಗೆ ಗೊತ್ತು? ಆದರೂ ಹರಿದು ಹಾಕುವ ಮೊದಲು ಒಮ್ಮೆ ಪೂರ್ತಿ ಓದು. ನಿನ್ನಮ್ಮ ಗೆದ್ದಿದ್ದಾಳೆ ಕಣೇ. ನಮ್ಮ ಬೇಕರಿಯ ಭಟ್ಟಿ ಮತ್ತೆ ಉರಿಯುತ್ತಿದೆ!

ನೀನು ಅದರ ಬಿಸಿಗೆ ಬೆನ್ನು ಕೊಟ್ಟು ಪಾಠ ಓದಿದವಳು. ನಮ್ಮ ಅಜ್ಜಂದಿರೂ ನೀನು ಹೇಳುವ "ಆ ಜನರ" ಅಜ್ಜಂದಿರೂ ಸೇರಿ ಕಟ್ಟಿದ ಭಟ್ಟಿ ಅದು. ಆರಿದರೆ ಇಟ್ಟಿಗೆ ಬಿರುಕು ಬಿಡುತ್ತದೆಂದು ಅದನ್ನು ಯಾವತ್ತೂ ಆರಲು ಬಿಡುತ್ತಿರಲಿಲ್ಲ. ನಮ್ಮ ಪ್ರಾರ್ಥನೆಯ ದಿನ ಬೆಂಕಿ ಕಾಯುವುದು ಅವರು, ಅವರ ಪ್ರಾರ್ಥನೆಯ ದಿನ ನಾವು. ಎರಡೂ ಕಡೆಯವರು ಹೊಡೆದಾಡಿಕೊಂಡ ಆ ಗಲಾಟೆಯ ವರ್ಷ ಯಾರೂ ಕಾಯಲಿಲ್ಲ. ಭಟ್ಟಿಯ ನೆತ್ತಿ ಬಿರಿಯಿತು, ಬೇಕರಿಯ ನಡುವೆ ತಗಡಿನ ಗೋಡೆ ಎದ್ದಿತು. ಎರಡೂ ಕಡೆಯವರು ಲಾರಿಯಲ್ಲಿ ಬರುವ ಹತ್ತಿಯಂಥ ಬ್ರೆಡ್ಡನ್ನು ತಿಂದು, ಚೆನ್ನಾಗಿದೆ ಎಂದು ನಮಗೆ ನಾವೇ ಸುಳ್ಳು ಹೇಳಿಕೊಂಡೆವು.

ಆಮೇಲೆ ನಿನಗೆ ಕಲಿಸಿದ ಮೇಷ್ಟ್ರು ಶಾಂತಿ ಸಮಿತಿ ಮಾಡಿದರು. ಶಾಲೆಯ ಹಾಲ್‌ನಲ್ಲಿ ಸಭೆ. ನಮ್ಮ ಗುರುಗಳು ದೇವರು ಒಬ್ಬನೇ ಎನ್ನುತ್ತಿದ್ದರು, ಅವರ ಗುರುಗಳು ಹೌದು, ಒಬ್ಬನೇ ಎನ್ನುತ್ತಿದ್ದರು. ನಾವೆಲ್ಲ ಚಪ್ಪಾಳೆ ತಟ್ಟಿ, ನಮ್ಮವರು ಮುಂದಿನ ಬಾಗಿಲಿನಿಂದ, ಅವರು ಹಿಂದಿನ ಬಾಗಿಲಿನಿಂದ ಮನೆಗೆ ಹೋಗುತ್ತಿದ್ದೆವು. ತಿಂಗಳುಗಟ್ಟಲೆ ಇದೇ ಆಯಿತು. ಒಂದು ದಿನ ನನಗೆ ರೇಗಿಹೋಯಿತು. ಎದ್ದು ನಿಂತು, "ದೇವರು ಒಬ್ಬನೋ ಇಬ್ಬರೋ ಅವನೇ ನೋಡ್ಕೊಳ್ತಾನೆ. ಭಟ್ಟಿ ಮಾತ್ರ ಇರೋದೇ ಒಂದು. ಅದನ್ನ ಯಾರು ಹಚ್ತೀರ ಹೇಳಿ" ಎಂದುಬಿಟ್ಟೆ. ನಿಮ್ಮಪ್ಪ ನನ್ನ ಸೆರಗು ಹಿಡಿದು ಎಳೆಯುತ್ತಿದ್ದರು. ನಾನು ಕೂರಲಿಲ್ಲ.

ಹಿಂದಿನ ಸಾಲಿನಿಂದ ಗೊಣಗಜ್ಜ ಎದ್ದರು. ಅವರ ಕಡೆಯ ಹಿರಿಯ ಬೇಕರಿಯವರು, ನೀವು ಮಕ್ಕಳೇ ಇಟ್ಟ ಹೆಸರಲ್ಲವೇ ಅದು? "ಹಚ್ಚೋದೇನೋ ಸುಲಭ ತಾಯಿ. ನಮ್ಮ ಪ್ರಾರ್ಥನೆ ದಿನ ನಿಮ್ಮೋರು ಬೇಕಂತ್ಲೇ ಆರಿಸಿಬಿಟ್ರೆ?"

"ನಮ್ಮೋರೂ ನಿಮ್ಮ ಬಗ್ಗೆ ಅದನ್ನೇ ಕೇಳ್ತಿದಾರೆ ಅಜ್ಜ. ಹೆದರೋದ್ರಲ್ಲಾದ್ರೂ ಇಬ್ರೂ ಒಂದೇ ಆದ್ವಲ್ಲ!"

ಯಾರೋ ಕಿಸಕ್ಕನೆ ನಕ್ಕರು. ಮರುದಿನವೇ ನಾನೂ ಗೊಣಗಜ್ಜನೂ ಬಿರುಕಿಗೆ ಮಣ್ಣು ಮೆತ್ತಲು ಕೂತೆವು. ನಾನು ಕಲಸಿದ ಮಣ್ಣು ನೀರಾಯಿತೆಂದು ಅವರು ಗೊಣಗಿದರು, ಅವರು ಕಲಸಿದ್ದು ಗಟ್ಟಿಯಾಯಿತೆಂದು ನಾನು ಗೊಣಗಿದೆ. ಭಟ್ಟಿ ಹಚ್ಚಿದೆವು. ಅವರ ಪ್ರಾರ್ಥನೆಯ ದಿನ ನಾವು ಉಸಿರು ಬಿಗಿಹಿಡಿದು ಕಾದೆವು. ಬೆಂಕಿ ಉಳಿಯಿತು.

ಮುಂದಿನದು ನಮ್ಮ ಪ್ರಾರ್ಥನೆಯ ದಿನ, ಅವರ ಸರದಿ. ನಾನು ಪ್ರಾರ್ಥನೆಗೆ ಕೂತೆ, ಮನಸ್ಸು ಕೂರಲಿಲ್ಲ. ಅಕಸ್ಮಾತ್ ಬೆಂಕಿ ಆರಿದರೆ ನಮ್ಮವರು ಅವರ ಮೇಲೆ ಗೂಬೆ ಕೂರಿಸುತ್ತಾರೆ, ಅಲ್ಲಿಗೆ ಎಲ್ಲ ಮಣ್ಣುಪಾಲು ಎಂಬ ದಿಗಿಲು. ಹೊಟ್ಟೆನೋವೆಂದು ಎದ್ದು ಬಂದೆ. ಬೇಕರಿಯಲ್ಲಿ ಯಾರೂ ಇರಲಿಲ್ಲ, ಗೊಣಗಜ್ಜ ಹಿತ್ತಲ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದರು. ಬ್ರೆಡ್ಡು ಬೇಯುವಾಗ ಕೆಂಡ ಮಂಕಾಗಿಯೇ ಇರಬೇಕೆಂದು ಹುಟ್ಟಿದಾಗಿನಿಂದ ಗೊತ್ತಿರುವ ನನಗೆ ಆ ಮಂಕು ಕೆಂಡ ಕಂಡು ಬುದ್ಧಿ ಕೈಕೊಟ್ಟಿತು. ಒಂದು ತೆಕ್ಕೆ ಸೌದೆ ಒಳಗೆ ತಳ್ಳಿ, ಏನೂ ಅರಿಯದವಳಂತೆ ಮತ್ತೆ ಪ್ರಾರ್ಥನೆಗೆ ಹೋಗಿ ಕೂತೆ.

ಪ್ರಾರ್ಥನೆ ಮುಗಿಸಿ ಹೊರಗೆ ಬಂದರೆ ಬೀದಿಯ ತುಂಬ ಹೊಗೆ! ಬೇಕರಿಯ ಮುಂದೆ ಎರಡೂ ಕಡೆಯ ಜನ. ಗೊಣಗಜ್ಜ ಉದ್ದ ಹಿಡಿಯ ಹಲಗೆಯಲ್ಲಿ ಬ್ರೆಡ್ಡು ಎಳೆಯುತ್ತಿದ್ದಾರೆ, ಬಂದದ್ದೆಲ್ಲ ಇದ್ದಿಲು. "ನೋಡಿದ್ರಾ, ಬೇಕಂತ್ಲೇ ಸುಟ್ರು!" ಎಂದು ನಮ್ಮ ಕಡೆಯ ಟೈಲರ್ ಕೂಗಿದ. ಅವರ ಕಡೆಯವರು ಒಂದು ಹೆಜ್ಜೆ ಮುಂದೆ ಬಂದರು. ಆ ವರ್ಷವೂ ಹೀಗೇ ಶುರುವಾಗಿತ್ತು.

"ಸೌದೆ ಹಾಕಿದ್ದು ನಾನು!" ಎಂದು ಕಿರುಚಿದೆ. "ಆರಿಹೋದ್ರೆ ಅವರನ್ನ ಬೈತೀರಲ್ಲ ಅಂತ ಹಾಕ್ದೆ!"

ಎಲ್ಲರೂ ನನ್ನತ್ತ ತಿರುಗಿದರು. ಆಮೇಲೆ ಹಿಂದಿನಿಂದ ನಿಮ್ಮಪ್ಪನ ದನಿ. "ನಾನೂ ಎರಡು ತುಂಡು ಹಾಕ್ದೆ ಕಣೇ." ಎದ್ದು ನೀರು ಕುಡಿಯಲು ಮಂಡಿ ನೋಯುವ ಮನುಷ್ಯ! ನಮ್ಮ ಗುರುಗಳು ಗಂಟಲು ಸರಿಮಾಡಿಕೊಂಡು, "ಪ್ರಾರ್ಥನೆಗೆ ಬರೋ ದಾರೀಲಿ... ನಾನೂ ಒಂದು" ಎಂದರು. ಗೊಣಗಜ್ಜನ ಸೊಸೆ ತಲೆ ತಗ್ಗಿಸಿ, "ಮಾವನಿಗೆ ಮರೆವು ಜಾಸ್ತಿ, ಅದಕ್ಕೇ ನಾನೂ..." ಎಂದಳು. ಕೊನೆಗೆ ಅವರ ಗುರುಗಳೂ ಒಪ್ಪಿಕೊಂಡರು. ಅವರಂತೂ ಒಂದು ಹೊರೆಯನ್ನೇ ಹಾಕಿದ್ದರಂತೆ.

ಗೊಣಗಜ್ಜ ಹಲಗೆ ನೆಲಕ್ಕೆ ಕುಟ್ಟಿದರು. "ನೀರಿಗೆ ಹೋದ್ರೆ ಒಬ್ರು, ಹಿಟ್ಟಿಗೆ ಹೋದ್ರೆ ಇನ್ನೊಬ್ರು! ಇನ್ಮೇಲೆ ಯಾರಾದ್ರೂ ನನ್ನ ಭಟ್ಟಿಗೆ ಒಳ್ಳೇದು ಮಾಡೋಕೆ ಬಂದ್ರೆ ಕೈ ಮುರೀತೀನಿ!"

ಮೊದಲು ನಕ್ಕವನು ಆ ಟೈಲರೇ. ಆಮೇಲೆ ಬೀದಿಗೆ ಬೀದಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕರಿ ಸಿಪ್ಪೆ ಕೆರೆದು ಒಳಗಿನ ಮೆತ್ತನೆಯದನ್ನು ಎಲ್ಲರೂ ಕಿತ್ತು ತಿಂದೆವು. ಅಷ್ಟು ರುಚಿಯಾದ ಬ್ರೆಡ್ಡನ್ನು ನಾನು ಜನ್ಮದಲ್ಲಿ ತಿಂದಿಲ್ಲ. ಸಂಜೆಯೊಳಗೆ ತಗಡಿನ ಗೋಡೆ ಕಿತ್ತರು. ಅದನ್ನು ಸೌದೆಗೆ ಸೂರಾಗಿ ಹೊದಿಸಿ, ಬಿಸಾಡಬೇಡಿ ಎಂದು ಗೊಣಗಜ್ಜ ಅದಕ್ಕೂ ಗೊಣಗಿದರು.

ಅಲ್ಲಿಂದಾಚೆಗೆ ಬೆಂಕಿ ಒಮ್ಮೆಯೂ ಆರಿಲ್ಲ. ಬೆಳಗ್ಗೆ ಬಾಗಿಲು ತೆರೆದರೆ ಎರಡೂ ಕಡೆಯವರದು ಒಂದೇ ಸಾಲು, ಒಂದೇ ನೂಕಾಟ. ಶಾಂತಿ ಸಮಿತಿಯ ಸಭೆಯೂ ಈಗ ಭಟ್ಟಿಯ ಮುಂದೆಯೇ. ಸೆಕೆಗೆ ಭಾಷಣ ಬೇಗ ಮುಗಿಯುತ್ತದೆಂದು ಮೇಷ್ಟ್ರಿಗೆ ಬಲು ಖುಷಿ. ನಾನು ಬೀದಿಯಲ್ಲಿ ಎದೆಯುಬ್ಬಿಸಿ ಓಡಾಡುತ್ತೇನೆ, ಜಂಬ ಅಂದುಕೊಂಡರೆ ಅಂದುಕೋ.

ಅಳಿಯಂದಿರಿಗೆ ನಮ್ಮ ಆಶೀರ್ವಾದ ತಿಳಿಸು. ಪುಟ್ಟಿಯ ಕೆನ್ನೆಗೆ ನನ್ನ ಲೆಕ್ಕದಲ್ಲಿ ಒಂದು ಮುತ್ತು ಕೊಡು. ನಿನ್ನ ಮನೆಯ ಒಲೆಯೂ ನಿನ್ನ ಮನಸ್ಸೂ ಬೆಚ್ಚಗಿರಲಿ, ಮಗಳೇ.

ಇಂತಿ,
ನಿನ್ನ ಅಮ್ಮ

ಕಾಗದ ಮಡಿಸಿದವಳು ಮತ್ತೆ ಬಿಚ್ಚಿದೆ. ಒಂದು ವಿಷಯ ಬರೆಯಲು ಧೈರ್ಯ ಬಂದಿರಲಿಲ್ಲ. ಅವತ್ತು ಎಲ್ಲರೂ ನಗುತ್ತಿದ್ದಾಗ ಗೊಣಗಜ್ಜ ಬೆಂಕಿಯ ಪಕ್ಕದ ಮೂಲೆಯಲ್ಲಿ ಬೆಂದ ಬ್ರೆಡ್ಡನ್ನು ತಂದು ನನ್ನ ಕೈಯಲ್ಲಿಟ್ಟರು. ನಿನ್ನ ತಮ್ಮ ದಿನಾ ಹಟ ಹಿಡಿದು ಕೇಳುತ್ತಿದ್ದನಲ್ಲ, ಸಿಪ್ಪೆ ಕರ್ರಗಾದ ಆ ಮೂಲೆಯ ಬ್ರೆಡ್ಡು. "ಹುಡುಗನ ಮೂಲೆ ಖಾಲಿ ಬಿಡೋಕೆ ಮನಸ್ಸಾಗ್ಲಿಲ್ಲ ತಾಯಿ" ಎಂದರು. ಗಲಾಟೆಯಲ್ಲಿ ನಮ್ಮ ಹುಡುಗ ಸತ್ತ ಮೇಲೆ ನಾನು ನಾಲ್ಕು ಜನರ ಮುಂದೆ ಅತ್ತದ್ದು ಅವತ್ತೇ. ಅವನನ್ನು ಹೊಡೆದವನು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಬೆಳಗಿನ ಸಾಲಿನಲ್ಲಿ ನಿಂತು ನನ್ನಿಂದಲೇ ಬ್ರೆಡ್ಡು ಇಸಿದುಕೊಳ್ಳುತ್ತಿರಲೂಬಹುದು. ಚಾಚಿದ ಒಂದೊಂದು ಕೈಯನ್ನೂ ನೋಡುತ್ತೇನೆ ಕಣೇ. ನೋಡಿಯೂ ಕೊಡುತ್ತೇನೆ. ದಿನಾ ಬೆಳಗ್ಗೆ ಇದನ್ನು ನನ್ನೊಬ್ಬಳಿಂದ ಮಾಡಲಾಗುತ್ತಿಲ್ಲ. ನೀನು ಬಂದು ನನ್ನ ಪಕ್ಕದಲ್ಲಿ ನಿಲ್ಲು.