ತಲೆಕೆಳಗಾದ ಶಿಖರ

ಸ್ಟ್ರಾಸ್‌ಬರ್ಗ್, ಫ್ರಾನ್ಸ್
14 ಮೇ 1934, ದೊಡ್ಡ ಚರ್ಚಿನ ಎದುರು

ಅಕ್ಕನಿಗೆ ಶರಣು. ಉಜ್ಜಿನಪ್ಪ ಮಾವನ ಜೊತೆ ಹಳೆಯ ಪಟ್ಟಣಗಳ ಫೋಟೋ ತೆಗೆಯುತ್ತ ನಿನ್ನೆ ಇಲ್ಲಿಗೆ ಬಂದೆ. ಈ ಚರ್ಚು ಸಂಡೂರಿನ ಮಣ್ಣಿನಂತೆ ಕೆಂಪು. ನಾನು ಓದಿದ ಅನುವಾದದ ಕಾದಂಬರಿಗಳಲ್ಲಿ ಯಾರೂ ಇದನ್ನು ಹೇಳಿರಲಿಲ್ಲ. ಕರಿ ಬಟ್ಟೆಯೊಳಗೆ ತಲೆ ಹಾಕಿ ಕ್ಯಾಮೆರಾದ ಹಿಂಬದಿಯ ಗಾಜು ನೋಡಿದೆ. ಇಡೀ ಶಿಖರ ತಲೆಕೆಳಗಾಗಿ ನಿಂತಿತ್ತು, ಹಂಪಿಯ ಗುಡಿಯೊಳಗೆ ಗೋಡೆಯ ಮೇಲೆ ಬೀಳುವ ಗೋಪುರದ ನೆರಳಿನ ಹಾಗೆ. ಹೊರಗೆ ಬಂದಾಗ ನನ್ನ ಕೈಗಳು ಮುಗಿದೇ ಇದ್ದವು.

“ಫೋಟೋ ತೆಗಿಯಾಕ ಬಂದೀಯೋ, ಪೂಜಿ ಮಾಡಾಕ ಬಂದೀಯೋ?” ಎಂದು ಮಾವ ನಕ್ಕರು. ಆಮೇಲೆ ತಾವೇ ಬಟ್ಟೆಯೊಳಗೆ ಹೊಕ್ಕವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಊರಲ್ಲಿ ಅವ್ವ ಇದೇ ಗಾಜಿನಲ್ಲಿ ನಿನ್ನನ್ನು ನೋಡಿ, “ಮಂದೀನ ತಲಿಕೆಳಗ ಮಾಡೋ ಡಬ್ಬಿ ಮುಂದ ನಾ ಕುಂದ್ರಂಗಿಲ್ಲ, ಬ್ಯಾಡ” ಎಂದಿದ್ದಳಲ್ಲ. ಅರವತ್ತು ದಾಟಿದರೂ ಅವಳದೊಂದು ಫೋಟೋ ಇಲ್ಲ. ಹಂಪಿಯ ಆ ತಲೆಕೆಳಗಾದ ನೆರಳಿಗೆ ಅವಳು ವರ್ಷವೂ ಕೈ ಮುಗಿಯುತ್ತಾಳೆ. ಅದನ್ನು ನೆನಪಿಸಿ ಫೋಟೋಗೆ ಒಪ್ಪಿಸು.

ಚಳಿಯಿದ್ದರೂ ಆರೋಗ್ಯವಾಗಿದ್ದೇನೆ. ನನಗೆ ಬೇಕಾದ್ದರ ಒಂದು ಫೋಟೋ ತೆಗೆಯಲು ಮಾವ ಒಂದು ಗಾಜಿನ ಪ್ಲೇಟು ಕೊಟ್ಟಿದ್ದಾರೆ. ಅದನ್ನು ಇಲ್ಲಿ ಬಳಸದೆ ಅವ್ವನಿಗಾಗಿ ಊರಿಗೆ ತರುವುದೆಂದು ನಿರ್ಧರಿಸಿದ್ದೇನೆ.

ತಮ್ಮ ಜಡೆಪ್ಪ