ಅಂಗಿಗೆ ಏಳನೆಯ ಗುಂಡಿ

ಜೂನ್ ೧೨

ಪ್ರೀತಿಯ ಪುಟ್ಟಿಗೆ ಅಣ್ಣನ ಆಶೀರ್ವಾದ.

ನನ್ನ ಮೊಣಕಾಲೊಂದನ್ನು ಬಿಟ್ಟರೆ ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಶಾಲೆಯ ಕೆಲಸದಿಂದ ಉತ್ತರ ತಡವಾಯಿತು ಎಂದು ಬರೆಯುತ್ತಿದ್ದೆ. ನಿನ್ನ ಅತ್ತಿಗೆ ಹಿಂದಿನಿಂದ ಇಣುಕಿ, "ಸುಳ್ಳಿಗೂ ಒಂದು ಮಿತಿ ಬೇಡ್ವಾ? ರಜೆ ತಾನೇ ಇದ್ದದ್ದು?" ಅಂದಳು. ಆದ್ದರಿಂದ ಸುಮ್ಮನೆ ಕ್ಷಮಿಸಿಬಿಡು.

ಐವತ್ತೊಂದನೆಯ ವಯಸ್ಸಿನಲ್ಲಿ ಹತ್ತನೇ ತರಗತಿ ಪರೀಕ್ಷೆ ಕಟ್ಟಿದ್ದೀಯ, ಭಲೇ! ರಸಾಯನಶಾಸ್ತ್ರದ ಸಮೀಕರಣ ಸರಿದೂಗಿಸುವುದು ಮಾತ್ರ ಕಬ್ಬಿಣದ ಕಡಲೆ, ಈ ಸಲವೂ ಅದರಲ್ಲೇ ಹೋದರೆ ಇನ್ನು ಪುಸ್ತಕ ಮುಟ್ಟುವುದಿಲ್ಲ ಎಂದು ಬರೆದಿದ್ದೀಯ. ಹೋಗುವುದಿಲ್ಲ. ಇಪ್ಪತ್ತೆಂಟು ವರ್ಷದಿಂದ ಇದನ್ನೇ ಕಲಿಸುತ್ತಿದ್ದೇನೆ. ನನ್ನ ಕೈಯಲ್ಲಿ ಪಾಸಾಗದ ಮಗು ಇನ್ನೂ ಹುಟ್ಟಿಲ್ಲ.

ನೀರಿನದನ್ನೇ ನೋಡು: H₂ + O₂ → H₂O. ಆಮ್ಲಜನಕದ ಪರಮಾಣು ಎಡಕ್ಕೆ ಎರಡು, ಬಲಕ್ಕೆ ಒಂದೇ. ಆಗ ಮಕ್ಕಳು O ಕೆಳಗೆ ಪುಟ್ಟ ಎರಡು ಸೇರಿಸಿ H₂O₂ ಮಾಡುತ್ತಾರೆ. ಲೆಕ್ಕ ಸರಿಹೋಯಿತು, ನೀರೇ ಹೋಯಿತು! ಅದು ಗಾಯ ತೊಳೆಯುವ ಔಷಧಿ. ನಿನ್ನ ಹೊಲಿಗೆ ಯಂತ್ರದ ಮುಂದೆ ಕೂತು ಯೋಚಿಸು. ಅಂಗಿಗೆ ಆರು ಗುಂಡಿ. ಗುಂಡಿ ಉಳಿದವೆಂದು ಅದೇ ಅಂಗಿಗೆ ಏಳನೆಯದನ್ನು ಹಾಕುತ್ತೀಯಾ? ಬಟ್ಟೆ ತಂದು ಇನ್ನೊಂದು ಅಂಗಿ ಹೊಲಿಯುತ್ತೀಯ. ಇಲ್ಲೂ ಅಷ್ಟೇ. ಸೂತ್ರದ ಒಳಗೆ ಕೈ ಹಾಕಬೇಡ, ಅದರ ಮುಂದೆ ದೊಡ್ಡ ಅಂಕಿ ಬರೆ: 2H₂ + O₂ → 2H₂O. ಈಗ ಎಣಿಸಿ ನೋಡು, ಎರಡೂ ಕಡೆ ಒಂದೇ.

ತರಗತಿಯಲ್ಲಿ ಇದನ್ನು ಹೇಳಿದಾಗ ಮುಂದಿನ ಬೆಂಚಿನ ಹುಡುಗಿ, "ಸರ್, ನಿಮಗೆ ಹೊಲಿಗೆ ಬರುತ್ತಾ?" ಅಂದಳು. "ನನ್ನ ತಂಗಿಗೆ ಬರುತ್ತೆ ಕಣಮ್ಮ" ಅಂದೆ. ಹೇಳುವಾಗ ಹೆಮ್ಮೆಯಾಯಿತು.

ದಿನಕ್ಕೆ ಐದು ಸಮೀಕರಣ ಮಾಡಿ ಕಳಿಸು, ತಿದ್ದಿ ಕೊಡುತ್ತೇನೆ. ನಿನ್ನ ಮನೆಯವರಿಗೆ ನಮಸ್ಕಾರ ತಿಳಿಸು. ನೀನು ಪಾಸಾಗೇ ಆಗುತ್ತೀಯ, ಒಳ್ಳೆಯದಾಗಲಿ.

ನಿನ್ನ
ಅಣ್ಣ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಲು ಕೈ ಬರಲಿಲ್ಲ. ನೀನು ಶಾಲೆಯಲ್ಲಿ ಹತ್ತನೇ ತರಗತಿ ಓದಿದ ವರ್ಷ, ಪರೀಕ್ಷೆಯ ಹಿಂದಿನ ದಿನ ನೀನು ಮಾಡಿಟ್ಟಿದ್ದ ಸಮೀಕರಣಗಳನ್ನೆಲ್ಲ ನೋಡಿ, "ಕೆಳಗಿನ ಸಣ್ಣ ಅಂಕಿ ತಿದ್ದಿದ್ರೆ ಸಾಕು ಕಣೇ" ಎಂದು ಹೊಡೆದುಹಾಕಿಸಿದವನು ನಾನು. ಬಾಯಿಪಾಠ ಮಾಡಿ ಪಾಸಾಗಿದ್ದವನ ಜಂಬ ಅದು. ನೀನು ನಂಬಿದೆ; ಮೂರು ಅಂಕದಲ್ಲಿ ಹೋದೆ. ಫಲಿತಾಂಶ ಬಂದ ದಿನವೇ ಪುಸ್ತಕ ತೆಗೆದು ನೋಡಿ ನನ್ನ ತಪ್ಪು ತಿಳಿದುಕೊಂಡೆ. ಅಪ್ಪ, "ಇವಳ ತಲೆಗೆ ಓದು ಹತ್ತಲ್ಲ, ಹೊಲಿಗೆ ಕಲೀಲಿ" ಅಂದಾಗ ನಾನು ಪಕ್ಕದಲ್ಲೇ ಊಟಕ್ಕೆ ಕೂತಿದ್ದೆ. ಬಾಯಿ ಬಿಡಲಿಲ್ಲ. ನೀನು ಮೊದಲು ಬರೆದದ್ದೇ ಸರಿ ಇತ್ತು, ಪುಟ್ಟಿ. ಎಲ್ಲವೂ ಸರಿ ಇತ್ತು.