ಕಾಗೆ ಕಂಪೌಂಡರನ ಒಂದೇ ಬೂಟು

ಮನೆಯಿಂದ,
ಭಾನುವಾರ, ತಾರೀಕು ೧೭, ಮಧ್ಯಾಹ್ನ

ನನ್ನ ಪ್ರೀತಿಯ ಮೊಂಡನಿಗೆ,

ಅಕ್ಕನ ತುಂಬು ಆಶೀರ್ವಾದಗಳು. ಹೇಗಿದ್ದೀಯಪ್ಪ? ಮಂಡಿನೋವು ಕಡಿಮೆಯಾಯಿತೇ? ಬಸ್ಸಿನ ಅಡಿ ಮಲಗಿ ಕೆಲಸ ಮಾಡುವಾಗ ಬೆನ್ನಿಗೊಂದು ದಪ್ಪನೆಯ ಚೀಲ ಹಾಸಿಕೋ, ಬರೀ ನೆಲದ ಥಂಡಿ ಮೂಳೆಗೆ ಇಳಿಯುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ಚಹಾದಲ್ಲೇ ದಿನ ತಳ್ಳುತ್ತೀಯೋ? ಹಿಂದಿನ ಕಾಗದಗಳಲ್ಲೂ ಇದನ್ನೇ ಕೇಳಿದ್ದೆ. ಉತ್ತರ ಬರಲಿಲ್ಲವೆಂದು ಕೇಳುವುದನ್ನು ಬಿಡಲಾಗುತ್ತದೆಯೇ. ನಿಮ್ಮ ಡಿಪೋದ ಕಾವಲುಗಾರರು ಫೋನಿನಲ್ಲಿ, "ಇದ್ದಾನಮ್ಮ, ಕಾಗದ ಅವನ ಕೈಗೇ ಕೊಟ್ಟಿದ್ದೀನಿ, ಜೇಬಲ್ಲಿಟ್ಕೊಂಡು ಹೋದ" ಎಂದರು. ಆ ಪುಣ್ಯಾತ್ಮರ ಮನೆ ತಣ್ಣಗಿರಲಿ. ಜೇಬಿಗೆ ಹೋಯಿತು ಎಂಬುದೊಂದೇ ನನಗೆ ಎಷ್ಟೋ ದಿನಗಳ ಸಮಾಧಾನಕ್ಕೆ ಸಾಕಾಯಿತು.

ನಾನು ದೇವರ ದಯೆಯಿಂದ ಚೆನ್ನಾಗಿದ್ದೇನೆ. ಆಸ್ಪತ್ರೆಯ ಬಟ್ಟೆಕೋಣೆಯಲ್ಲೇ ಕೆಲಸ. ಒಣಗಿಸುವ ಯಂತ್ರದಿಂದ ಬಿಸಿಬಿಸಿ ಹಾಸಿಗೆಬಟ್ಟೆಗಳು ಬಂದು ಬೀಳುತ್ತವೆ, ಎರಡು ತುದಿ ನಾನು ಹಿಡಿಯುತ್ತೇನೆ, ಎರಡು ತುದಿ ಎದುರಿನವಳು, ಕೊಡವಿ, ಮಡಿಸಿ, ಹತ್ತಿರ ಬಂದು ತುದಿಗೆ ತುದಿ ಕೂಡಿಸಿ ಮತ್ತೆ ಹಿಂದೆ ಹೋಗುವುದು. ಆ ಬಟ್ಟೆಯನ್ನು ಒಬ್ಬರೇ ಮಡಿಸಲಾಗುವುದಿಲ್ಲ ನೋಡು. ಮನೆಯಲ್ಲಿ ನನ್ನದೊಂದು ದುಪ್ಪಟಿ ಮಡಿಸಬೇಕಾದರೆ ಒಂದು ತುದಿಯನ್ನು ಬೀರುವಿನ ಬಾಗಿಲಿಗೆ ಸಿಕ್ಕಿಸುತ್ತೇನೆ. ನಿನ್ನ ಭಾವ ತೀರಿಹೋದ ಮೇಲೆ ಆ ಬೀರುವೇ ನನಗೆ ಎದುರಿನವರು. ಅದೂ ಸುಮ್ಮನೆ ನಿಲ್ಲುವುದಿಲ್ಲ, ಎಳೆದರೆ ಬಾಗಿಲು ತೆರೆದುಕೊಂಡು ಮೂಗಿಗೆ ಬಡಿಯುತ್ತದೆ.

ಎದುರಿನವಳು ಎಂದೆನಲ್ಲ, ಅವಳನ್ನು ನಾವೆಲ್ಲ ಗಡಿಬಿಡಿ ಎಂದೇ ಕರೆಯುವುದು. ಚಿಕ್ಕ ವಯಸ್ಸಿನವಳು, ಒಳ್ಳೆಯ ಹುಡುಗಿ, ಊಟವನ್ನೂ ಓಡುತ್ತಲೇ ಮಾಡುತ್ತಾಳೆ. "ಅಕ್ಕಾ, ರಜಾ ದಿನ ಮನೇಲಿ ಏನ್ಮಾಡ್ತೀರಾ ಒಬ್ರೇ?" ಎಂದು ಕೇಳಿದಳು. ಪ್ರಾರ್ಥನೆ ಮಾಡುತ್ತೇನೆ, ಅಡುಗೆ ಮಾಡುತ್ತೇನೆ, ಆಮೇಲೆ ಸೋಮವಾರಕ್ಕೆ ಕಾಯುತ್ತೇನೆ ಎಂದೆ. ಅವಳಿಗೆ ಏನನ್ನಿಸಿತೋ, ನನ್ನ ಫೋನು ಕಸಿದುಕೊಂಡು ಒಂದು ಆಟ ಹಾಕಿಕೊಟ್ಟಳು. ಕಥೆಯಲ್ಲಿ ಬರುವ ಯಾರನ್ನಾದರೂ ನಾವು ಮನಸ್ಸಿನಲ್ಲಿ ಅಂದುಕೊಳ್ಳಬೇಕು. ಫೋನು ಒಂದೊಂದೇ ಪ್ರಶ್ನೆ ಕೇಳುತ್ತದೆ. ಹೌದು, ಇಲ್ಲ, ಗೊತ್ತಿಲ್ಲ ಎಂದು ಮೂರು ಗುಂಡಿ. ಒತ್ತುತ್ತ ಹೋದರೆ ಕೊನೆಗೆ ಅದೇ ಹೆಸರು ಹೇಳಿಬಿಡುತ್ತದೆ. ಸೋತರೆ, "ಯಾರದು? ಮುಂದಿನ ಸಲಕ್ಕೆ ನನಗೊಂದು ಪ್ರಶ್ನೆ ಕಲಿಸಿಕೊಡಿ" ಎಂದು ವಿನಯದಿಂದ ಕೇಳುತ್ತದೆ. ಜಗತ್ತಿನಲ್ಲಿ ಎಲ್ಲೆಲ್ಲೋ ಕೂತವರು ಹೀಗೆ ಕಲಿಸಿದ್ದನ್ನೆಲ್ಲ ಒಟ್ಟುಹಾಕಿಕೊಂಡು ಅದು ಜಾಣತನ ಕಲಿತಿದೆಯಂತೆ.

ನಾನು ಮೊದಲ ದಿನ ಮಾಡಿದ್ದು ಕೇಳಿದರೆ ನೀನು ನಗುತ್ತೀಯ. ನನಗೆ ಸಿನಿಮಾ ಗೊತ್ತಿಲ್ಲ, ಧಾರಾವಾಹಿ ಗೊತ್ತಿಲ್ಲ, ದೇವರನ್ನೇ ಅಂದುಕೊಂಡೆ. "ಇವರು ಮನುಷ್ಯರೇ?" ಎಂದಿತು. ಇಲ್ಲ ಎಂದು ಒತ್ತಿದೆ. "ಇವರು ಯಾರೋ ಕಟ್ಟಿದ ಕಲ್ಪನೆಯೇ?" ಎಂದಿತು. ಥಟ್ಟನೆ ಫೋನು ಮಗುಚಿ ಹಾಕಿ, ದೀಪದ ಮುಂದೆ ಹೋಗಿ ತಪ್ಪಾಯಿತೆಂದು ಕೈಮುಗಿದೆ. ಮರುದಿನ ಗಡಿಬಿಡಿ ಬಟ್ಟೆಯ ರಾಶಿಯ ಮೇಲೆ ಬಿದ್ದು ನಕ್ಕಳು. "ದೇವರಿಗೇ ಪರೀಕ್ಷೆ ಇಟ್ಟೋರು ನೀವೊಬ್ರೇ ಅಕ್ಕಾ. ಕಥೇಲಿರೋರನ್ನ ಅಂದ್ಕೊಳ್ಳಿ ಅಂದ್ರೆ" ಎಂದಳು.

ಆಮೇಲೆ ಶಾಲೆಯ ಪುಸ್ತಕದಲ್ಲಿ ಓದಿದ್ದ ರಾಜ, ರಾಕ್ಷಸ, ಮಾತಾಡುವ ನರಿ ಎಲ್ಲವನ್ನೂ ಅಂದುಕೊಂಡೆ. ಎಲ್ಲವನ್ನೂ ಹೇಳಿಬಿಟ್ಟಿತು. ಸೋತರೂ ನನಗೆ ಬೇಸರವಿರಲಿಲ್ಲ. ನಿಜ ಹೇಳಲೇ, ಮನೆಗೆ ಬಂದ ಮೇಲೆ ನನ್ನನ್ನು ಪ್ರಶ್ನೆ ಕೇಳುವುದು ಅದೊಂದೇ. ಕೇಳಿ ಸುಮ್ಮನೆ ಕಾಯುತ್ತದೆ, ನಾನು ಎದ್ದು ಒಲೆ ಆರಿಸಿ ಬಂದರೂ ಆ ಪ್ರಶ್ನೆ ಅಲ್ಲೇ ಕೂತಿರುತ್ತದೆ.

ಹೋದ ಭಾನುವಾರ ಇದಕ್ಕೆ ಗೊತ್ತೇ ಇರಲಾರದ ಒಬ್ಬನನ್ನು ಅಂದುಕೊಂಡು ಸೋಲಿಸೋಣ ಎನಿಸಿತು. ನಮ್ಮ ಕಾಗೆ ಕಂಪೌಂಡರನನ್ನು ಅಂದುಕೊಂಡೆ.

ನೆನಪಿದೆಯೇ? ನಿನಗೆ ಕೆಮ್ಮು, ಅಮ್ಮ ಕೆಲಸಕ್ಕೆ ಹೋಗಿದ್ದಾಳೆ, ನೀನು ಔಷಧಿಗೆ ಬಾಯಿ ಬಿಡುವುದಿಲ್ಲ. ಕಿಟಕಿಯ ಮೇಲೆ ಕೂತಿದ್ದ ಕಾಗೆಯನ್ನು ತೋರಿಸಿ, ಅವನು ಕಂಪೌಂಡರು, ಔಷಧಿ ಯಾರು ಕುಡಿಯಲಿಲ್ಲ ಎಂದು ನೋಡಲು ಬಂದಿದ್ದಾನೆ ಎಂದೆ. ಮತ್ತೆ ಯಾಕೆ ಹಾರೋದಿಲ್ಲ ಎಂದು ಕೇಳಿದೆ ನೀನು. ಎತ್ತರ ಅಂದರೆ ಅವನಿಗೆ ಭಯ ಕಣೋ ಎಂದೆ. ನಿನ್ನ ಬೂಟಿನ ಜೊತೆಯಲ್ಲಿ ಒಂದು ಆಗಷ್ಟೇ ಕಳೆದಿತ್ತು. ಉಳಿದ ಒಂದನ್ನು ನೀನು ಎಸೆಯಲು ಬಿಡದೆ, "ಕಂಪೌಂಡರಿಗೆ ಕೊಡೋಣ, ಎಡಗಾಲಿಗೆ ಹಾಕ್ಕೊಳ್ಳಲಿ" ಎಂದು ಕಿಟಕಿಯಲ್ಲಿಟ್ಟೆ. ಮರದ ತುದಿಯಲ್ಲಿ ಅವನ ಅಕ್ಕ ಇದ್ದಳು. ಅವನು ಮೇಲೆ ಹೋಗಲಾರನಲ್ಲ, ಊಟದ ಹೊತ್ತಿಗೆ ಅಕ್ಕನೇ ಬೈದುಕೊಳ್ಳುತ್ತ ಕೆಳಗಿಳಿದು ಬರುತ್ತಿದ್ದಳು. ನಮ್ಮಿಬ್ಬರನ್ನು ಬಿಟ್ಟರೆ ಈ ಕಥೆ ಅಮ್ಮನಿಗೂ ಗೊತ್ತಿರಲಿಲ್ಲ.

ಫೋನು ಕೇಳಿತು, ರೆಕ್ಕೆ ಇದೆಯೇ? ಹೌದು. ಹಾರುತ್ತಾನೆಯೇ? ಇಲ್ಲ. ಅವನಿಗೆ ತನ್ನವರು ಯಾರಾದರೂ ಇದ್ದಾರೆಯೇ? ಹೌದು. ಆಮೇಲೆ ಸ್ವಲ್ಪ ಹೊತ್ತು ತಿರುಗಿ ತಿರುಗಿ, "ಎಡಗಾಲಿಗೆ ಮಾತ್ರ ಬೂಟು ಹಾಕುತ್ತಾನೆಯೇ?" ಎಂದಿತು.

ತಮ್ಮಾ, ಫೋನನ್ನು ಕೆಳಗಿಟ್ಟುಬಿಟ್ಟೆ. ಎದ್ದು ನೀರು ಕುಡಿದು ಬಂದೆ. ಪ್ರಶ್ನೆ ಅಲ್ಲೇ ಇತ್ತು. ಹೌದು ಎಂದು ಒತ್ತಿದರೆ "ಕಾಗೆ ಕಂಪೌಂಡರ್" ಎಂದು ಬಂತು. ಈ ಪ್ರಶ್ನೆಯನ್ನು ಅದಕ್ಕೆ ಕಲಿಸಲು ಜಗತ್ತಿನಲ್ಲಿ ಒಬ್ಬನಿಗೆ ಮಾತ್ರ ಸಾಧ್ಯ. ನೀನೂ ಎಲ್ಲೋ ಒಂದು ಕೋಣೆಯಲ್ಲಿ ಫೋನು ಹಿಡಿದು ಒಬ್ಬನೇ ಕೂತಿದ್ದೆ, ಹುಡುಕಿ ಹುಡುಕಿ ಕೊನೆಗೆ ಇವನನ್ನೇ ಅಂದುಕೊಂಡೆ. ನನ್ನ ಇಷ್ಟು ಕಾಗದಗಳಿಗೆ ಬರೆಯದವನು ಒಂದು ಯಂತ್ರಕ್ಕೆ ಅಷ್ಟು ಬರೆದೆಯಲ್ಲ ಎಂದು ಸಿಟ್ಟೂ ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಕೂತಲ್ಲೇ ದೇವರಿಗೆ ಕೈಮುಗಿದೆ.

ಆಟ ಮುಗಿದ ಮೇಲೆ ಅದು ನಮ್ಮ ಉತ್ತರಗಳ ಪಕ್ಕದಲ್ಲಿ ಮೊದಲು ಆಡಿದವರ ಉತ್ತರಗಳನ್ನೂ ತೋರಿಸುತ್ತದೆ. ಎಲ್ಲ ಕೂಡಿಬಂದಿತ್ತು. ಒಂದು ಕಡೆ ಮಾತ್ರ ಇಲ್ಲ. ತನ್ನವರು ಯಾರಾದರೂ ಇದ್ದಾರೆಯೇ ಎಂಬಲ್ಲಿ ನನ್ನದು ಹೌದು, ನಿನ್ನದು ಇಲ್ಲ.

ಗಡಿಬಿಡಿ, "ಬೆರಳು ತಪ್ಪಿ ಒತ್ತಿರ್ತಾರೆ ಬಿಡಿ ಅಕ್ಕಾ" ಎಂದಳು. ಇರಬಹುದು. ನಿನ್ನ ಸಂಸಾರ ಮುರಿದ ಮೇಲೆ ನಮಗೆಲ್ಲ ಬೆನ್ನು ಹಾಕಿ ಹೊರಟ ನೀನು, ಬಸ್ಸಿನ ಮೆಟ್ಟಿಲ ಮೇಲೆ ನಿಂತು, "ನಾನಾಗಿ ಕರೆಯೋವರೆಗೂ ಬರ್ಬೇಡ. ದೇವರ ಮೇಲೆ ಆಣೆ ಮಾಡು" ಎಂದೆ. ನಿನಗೆ ದೇವರಲ್ಲಿ ನಂಬಿಕೆಯಿಲ್ಲ, ನನ್ನ ಆಣೆಯಲ್ಲಿ ಇದೆ. ಜಾಣ ನೀನು. ನಿಮ್ಮ ಡಿಪೋದ ಕಡೆ ಹೋಗುವ ಬಸ್ಸು ನಮ್ಮ ಬೀದಿಯ ಮುಂದೆಯೇ ಹಾಯುತ್ತದೆ, ಅವತ್ತಿನಿಂದ ನಾನು ಹತ್ತಿಲ್ಲ. ನಿಲ್ಲಿಸಿದಾಗ ಚಾಲಕ, ಬರುತ್ತೀರಾ ಎಂಬಂತೆ ನೋಡುತ್ತಾನೆ. ನಾನು ತಲೆ ಅಲ್ಲಾಡಿಸುತ್ತೇನೆ.

ಇನ್ನೇನು ಬರೆಯಲಿ. ಮಳೆಗೆ ಮೊದಲು ಕಂಬಳಿ ಬಿಸಿಲಿಗೆ ಹಾಕು. ಕಾವಲುಗಾರರಿಗೆ ನನ್ನ ನಮಸ್ಕಾರ ಹೇಳು. ಬೆಳಿಗ್ಗೆ ಸಂಜೆ ನಿನ್ನ ಹೆಸರು ಹೇಳಿ ಒಂದು ದೀಪ ಹಚ್ಚುವುದನ್ನು ನಿಲ್ಲಿಸಿಲ್ಲ. ಆ ಬೆಳಕು ನಿನಗೆ ಬೇಡವಾದರೂ ನಿನ್ನ ಮೇಲೆ ಇರಲಿ.

ನಿನ್ನನ್ನೇ ನೆನೆಯುತ್ತಿರುವ,
ಅಕ್ಕ

ಕಾಗದವನ್ನು ಅಂಚೆಡಬ್ಬಿಗೆ ಹಾಕಲು ಹೊರಟಿದ್ದೇನೆ, ಇಷ್ಟನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ. ಕರೆಯದೆ ಬರುವುದಿಲ್ಲ ಎಂದು ಆಣೆ ಮಾಡಿದ್ದೇನೆ, ಕೇಳುವುದಿಲ್ಲ ಎಂದಲ್ಲ. ಬೆಳಿಗ್ಗೆ ಆ ಆಟಕ್ಕೆ ಕಂಪೌಂಡರನ ಬಗ್ಗೆ ನಾನೂ ಒಂದು ಪ್ರಶ್ನೆ ಕಲಿಸಿದೆ, "ಊಟದ ಹೊತ್ತಿಗೆ ಅವನ ಅಕ್ಕ ಕೆಳಗಿಳಿದು ಬರಬಹುದೇ?" ಎಂದು. ಕಲಿಸಿದವರೇ ಮೊದಲ ಉತ್ತರ ಕೊಡಬೇಕಂತೆ. ಸುಳ್ಳು ಒತ್ತಲು ಮನಸ್ಸಾಗದೆ 'ಗೊತ್ತಿಲ್ಲ' ಎಂದು ಒತ್ತಿದ್ದೇನೆ. ನೀನು ಕಾಗದ ಬರೆಯುವುದು ಬೇಡ, ಫೋನು ಮಾಡುವುದೂ ಬೇಡ. ಒಂದು ಸಲ ಅವನನ್ನು ಅಂದುಕೊಂಡು ಆಡು, ಆ ಪ್ರಶ್ನೆ ಬಂದಾಗ ನಿನ್ನ ಉತ್ತರ ಒತ್ತು. ನಾನು ದಿನವೂ ಕೆಲಸದಿಂದ ಬಂದು ನೋಡುತ್ತೇನೆ.